ಬೋಣಿಗೆ ಮೊದಲು

ನಮ್ಮ ಸಾಲಿನ ಅಂಗಡಿಗಳಿಗೆಲ್ಲ ಬೆಳಗಾಗುತ್ತಿದ್ದದ್ದು ಹರಿಶ್ಚಂದ್ರಣ್ಣನ ಹೋಟೆಲಿನ ಶಟರ್ ಎದ್ದಾಗ. ಪುಣೆಯ ಕೊಂಢವಾ ಎಂಬ ಬಡಾವಣೆಯ ದೊಡ್ಡ ರಸ್ತೆಗೆ ಮುಖ ಮಾಡಿದ ಸಾಲು ಅದು. ಮೊದಲು ಅವರ ಹೋಟೆಲು, ಅದಕ್ಕೆ ಹೊಂದಿ ನನ್ನ ಹೊಲಿಗೆ ಅಂಗಡಿ, ಅದರಾಚೆಗೆ ಅಂಬಾದಾಸನ ಶಾಲೆಯ ವಹಿ, ಪೆನ್ನು, ಝೆರಾಕ್ಸಿನ ಅಂಗಡಿ. ಹರಿಶ್ಚಂದ್ರಣ್ಣ ಉಡುಪಿ ಕಡೆಯವರು, ನಾವು ಧಾರವಾಡದವರು, ಅಂಬಾದಾಸ ಇಲ್ಲಿಯ ಮರಾಠಿಯವ. ಹರಿಶ್ಚಂದ್ರಣ್ಣನ ಮನೆಯಲ್ಲಿ ತುಳು ಮಾತು; ನನ್ನ ಜತೆ ಮಾತ್ರ ಕನ್ನಡ. ನಾನು ಕಸ ಗುಡಿಸಿ ಮಶೀನಿಗೆ ಎಣ್ಣೆ ಬಿಡುವ ಹೊತ್ತಿಗೆ ಅವರ ಇಡ್ಲಿಯ ಹಬೆ ನನ್ನ ಕಿಟಕಿಯೊಳಗೆ ಬರುತ್ತಿತ್ತು. ಅವರ ಹೆಂಡತಿ ರಾಜೀವಕ್ಕ ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ, ಪಕ್ಕದಲ್ಲಿ ಒಂದು ತಾಮ್ರದ ಚೊಂಬು ನೀರು ತುಂಬಿಸಿ ಇಡುತ್ತಿದ್ದರು. ಆ ನೀರು ದಿನದ ಮೊದಲ ಗಿರಾಕಿಗೆ ಮೀಸಲು.

ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಎನ್ನುತ್ತೇವೆ. ಅದನ್ನು ನಂಬದ ಅಂಗಡಿಯವರನ್ನು ನಾನು ಪುಣೆಯಲ್ಲಿ ಕಂಡಿಲ್ಲ. ಮರಾಠಿಯವರು ಭವಾನಿ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ನಾನೂ ಮೊದಲ ಗಿರಾಕಿ ಕೊಟ್ಟ ನೋಟನ್ನು ಕಣ್ಣಿಗೆ ಒತ್ತಿಕೊಂಡೇ ಡಬ್ಬಿಗೆ ಹಾಕುವವಳು. ಆದರೆ ರಾಜೀವಕ್ಕನ ಮನೆಯಲ್ಲಿ ಆ ಪದ್ಧತಿ ಇನ್ನೂ ಬಿಗಿ. ಬೋಣಿಯಾಗುವವರೆಗೆ ಮನೆಯವರು ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಮೊದಲ ತಟ್ಟೆ ಪರರಿಗೆ, ಆಮೇಲೆ ನಮಗೆ. ಕೇಳಲು ಎಷ್ಟು ಚೆಂದ ನೋಡಿ. ಶಟರ್ ಏಳುವ ಮೊದಲೇ ರಿಕ್ಷಾದವರು, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್ನರು ಬಾಗಿಲಲ್ಲಿ ನಿಂತಿರುತ್ತಿದ್ದ ಕಾಲದಲ್ಲಿ ಈ ನಿಯಮದಿಂದ ಯಾರ ಹೊಟ್ಟೆಯೂ ಚುರುಗುಟ್ಟಿರಲಿಲ್ಲ. ಸುಖದ ದಿನಗಳಲ್ಲಿ ಎಲ್ಲ ಪದ್ಧತಿಯೂ ಒಡವೆಯೇ. ಅದರ ಭಾರ ಗೊತ್ತಾಗಬೇಕಾದರೆ ಕಷ್ಟ ಬರಬೇಕು, ಮತ್ತು ಕಷ್ಟ ನಮ್ಮ ಸಾಲಿಗೆ ಮದುವೆಯ ಹಿಂದೆಯೇ ಬಂತು.

ಮದುವೆ ಹರಿಶ್ಚಂದ್ರಣ್ಣನ ಮಗ ಚೇತನನದು. ಹೋದ ವರ್ಷದ ಬೇಸಿಗೆಯಲ್ಲಿ ಕಾರ್ಕಳದ ಕಡೆಯಿಂದ ಭವ್ಯಶ್ರೀ ಎಂಬ ಹುಡುಗಿಯನ್ನು ತಂದರು. ಸಣ್ಣ ಮುಖದ, ಮಾತು ಕಡಿಮೆಯ ಹುಡುಗಿ. ಹೋಟೆಲಿನ ಮೇಲಿನ ಅಟ್ಟವೇ ಅವರ ಮನೆ. ಅವಳು ಹೊಸ್ತಿಲಲ್ಲಿ ಸೇರಕ್ಕಿ ಒದ್ದು ಒಳಗೆ ಹೋದದ್ದನ್ನು ನಾನೇ ನಿಂತು ನೋಡಿದ್ದೆ. ಅದೇ ವಾರ ಮೇಲ್ಸೇತುವೆ ಕಟ್ಟುತ್ತೇವೆಂದು ರಸ್ತೆ ಅಗೆದರು, ನಮ್ಮ ಅಂಗಡಿಗಳ ಮುಂದೆ ಆಳೆತ್ತರದ ತಗಡು ಬಡಿದರು. ಬೇಗ ಮುಗಿಯುತ್ತದೆ ಎಂದಿದ್ದರು. ಇನ್ನೂ ಮುಗಿದಿಲ್ಲ.

ತಗಡಿನ ಆಚೆ ಊರೆಲ್ಲ ಓಡಾಡುತ್ತಿತ್ತು. ಈಚೆ ನಾವು ಕೂತಿದ್ದೆವು. ರಿಕ್ಷಾ ನಿಲ್ಲಲು ಜಾಗವಿಲ್ಲ, ನಡೆದು ಬರುವವರಿಗೆ ದಾರಿಯಿಲ್ಲ. ಬ್ಲೌಸು ಹೊಲಿಸುವವರು ಬೇರೆ ಕಡೆ ಹೋದರು. ಅಂಬಾದಾಸ ದಿನಾ ಬಂದು, “ವಹಿನಿ, ಅಜೂನ ಭವಾನಿ ನಾಹೀ” ಎಂದು ಕೈ ಅಲ್ಲಾಡಿಸಿ ಹೋಗುವುದನ್ನು ರೂಢಿ ಮಾಡಿಕೊಂಡ. ಅತ್ತಿಗೆ, ಇನ್ನೂ ಬೋಣಿಯಿಲ್ಲ ಎಂಬ ಮಾತು ಸಾಲಿನ ನಮಸ್ಕಾರವೇ ಆಗಿಹೋಯಿತು. ಹೋಟೆಲಿನ ಅಡುಗೆಯವರು ಒಬ್ಬೊಬ್ಬರಾಗಿ ಊರಿಗೆ ಹೋದರು. ಚೇತನ ಕೂಡ ಇಂದಾಪುರದ ಹತ್ತಿರ ಹೆದ್ದಾರಿಯಲ್ಲಿ ನೆಂಟರ ಹೋಟೆಲಿನ ಗಲ್ಲಾದಲ್ಲಿ ಕೂಡಲು ಹೋದ; ವಾರಕ್ಕೊಮ್ಮೆ ಕೆಂಪು ಬಸ್ಸು ಹತ್ತಿ ಬರುತ್ತಿದ್ದ.

ಆಗ ಊರಿನ ನೆಂಟರು ಫೋನಿನಲ್ಲಿ ಒಂದು ಮಾತು ಹುಟ್ಟಿಸಿದರು. ಹುಡುಗಿಯ ಕಾಲ್ಗುಣ ಸರಿಯಿಲ್ಲವೇನೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ನಾವು. ರಸ್ತೆ ಅಗೆದವರನ್ನು ಕೇಳುವ ಧೈರ್ಯವಿಲ್ಲ, ಮನೆಗೆ ಬಂದವಳ ಪಾದ ನೋಡುತ್ತೇವೆ. ರಾಜೀವಕ್ಕ ಒಂದು ಹೊಸ ನಿಯಮ ಮಾಡಿದರು. ಬೆಳಿಗ್ಗೆ ಊದಿನಕಡ್ಡಿ ಹಚ್ಚಿದ ಮೇಲೆ ಬೋಣಿಯಾಗುವವರೆಗೆ ಭವ್ಯಶ್ರೀಯ ಮುಖ ಗಲ್ಲಾಪೆಟ್ಟಿಗೆಗೆ ಕಾಣಬಾರದು.

ಇದನ್ನು ಓದುವವರಿಗೆ ಸಣ್ಣ ವಿಷಯ ಅನ್ನಿಸಬಹುದು. ಆ ಮನೆ ಹೇಗಿದೆಯೆಂದು ಹೇಳುತ್ತೇನೆ. ಅಟ್ಟದಿಂದ ಇಳಿಯುವ ಮೆಟ್ಟಿಲು ಸೀದಾ ಗಲ್ಲಾಪೆಟ್ಟಿಗೆಯ ಮಗ್ಗುಲಿಗೆ ಬರುತ್ತದೆ. ಬಚ್ಚಲು, ಪಾಯಖಾನೆ ಎರಡೂ ಕೆಳಗೆ, ಅಡುಗೆಕೋಣೆಯ ಹಿಂದೆ. ಗಲ್ಲಾಪೆಟ್ಟಿಗೆಯ ಕಣ್ಣು ತಪ್ಪಿಸಿ ಅಲ್ಲಿಗೆ ಹೋಗುವ ದಾರಿಯಿಲ್ಲ. ಮೊದಮೊದಲು ಹಾಲಿನವನೋ ಪೇಪರಿನವನೋ ಚಹಾ ಕುಡಿದರೆ ಬೋಣಿಯಾಗಿ ಹುಡುಗಿ ಬೇಗ ಇಳಿಯುತ್ತಿದ್ದಳು. ಆಮೇಲೆ ಬಿಸಿಲು ತಗಡಿನ ಮೇಲೆ ಏರಿದ ಮೇಲೆ ಇಳಿಯತೊಡಗಿದಳು. ಆಮೇಲೆ ಮಧ್ಯಾಹ್ನಕ್ಕೆ. ವ್ಯಾಪಾರ ಬಿದ್ದಷ್ಟೂ ಅವಳ ಬೆಳಗು ಉದ್ದವಾಯಿತು.

ಮೊದಲು ನಾನೇ ಹೋಗಿ ಒಂದು ಚಹಾ ಕೊಂಡು ಬೋಣಿ ಮಾಡಿಸುತ್ತಿದ್ದೆ. ಕೆಲವು ದಿನ ನಡೆಯಿತು. ಒಂದು ದಿನ ರಾಜೀವಕ್ಕ ಹಣ ಹಿಂದಕ್ಕೆ ಕೊಟ್ಟರು.

“ನಿಮ್ಮದು ಬೋಣಿಗೆ ಹಿಡಿಯುವುದಿಲ್ಲ ಗೋದಕ್ಕ. ನೀವು ಮನೆಯವರ ಹಾಗೆ. ಪರರು ಬರಬೇಕು.”

“ಹಂಗಾರ ಅಂಬಾದಾಸನ್ನ ಕಳಸ್ತೀನ್ರಿ.”

“ಅವನೂ ಅಷ್ಟೇ. ಕರೆದು ಮಾಡಿಸಿದ ಬೋಣಿ ಬೋಣಿಯಾ?”

ನನಗೆ ಸಿಟ್ಟು ಬಂತು. “ರಾಜೀವಕ್ಕ, ರಸ್ತಾ ಅಗದವರು ಬ್ಯಾರೆ, ತಗಡು ಬಡದವರು ಬ್ಯಾರೆ. ಈ ಹುಡುಗಿ ಏನ್ ಮಾಡ್ಯಾಳ್ರಿ?”

“ಅವಳು ಎಂತದೋ ಮಾಡಿದ್ದಾಳೆ ಅಂತ ನಾನು ಹೇಳಿದೆನಾ? ಪಾಪದ ಹುಡುಗಿಯೇ. ಕಾಲ್ಗುಣ ಅಂದರೆ ಬೇಕಂತ ಮಾಡುವುದಲ್ಲ, ಹುಟ್ಟಿಕೊಂಡು ಬರುವುದು.”

“ನನ್ನ ಅಂಗಡ್ಯಾಗೂ ಗಿರಾಕಿ ಇಲ್ಲ, ಅಂಬಾದಾಸಗೂ ಇಲ್ಲ. ನಮ್ಮ ಮನಿಗೆ ಯಾವ ಸೊಸಿ ಬಂದಾಳ್ರಿ?”

ಅವರು ಸ್ವಲ್ಪವೂ ತಡವರಿಸಲಿಲ್ಲ. “ಒಂದು ಮನೆಗೆ ಬೆಂಕಿ ಬಿದ್ದರೆ ಪಕ್ಕದ ಮನೆಗೂ ತಾಗ್ತದಲ್ಲ ಗೋದಕ್ಕ” ಎಂದರು.

ರಾಜೀವಕ್ಕ ಕೆಟ್ಟ ಹೆಂಗಸಲ್ಲ. ನನ್ನ ಮಗಳು ವರದಾ ಹುಟ್ಟಿದಾಗ ಬಾಣಂತನದ ಮದ್ದು ಮಾಡಿ ತಂದುಕೊಟ್ಟವರು ಅವರೇ. ಮೂವತ್ತು ವರ್ಷ ರುಬ್ಬಿ ರುಬ್ಬಿ ಅವರ ಬೆರಳುಗಳು ಡೊಂಕಾಗಿವೆ. ಕಣ್ಣೆದುರಿಗೆ ಹೋಟೆಲು ಮುಳುಗುವಾಗ ಅವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು, ಕೈಗೆ ಸಿಕ್ಕಿದ್ದು ಸೊಸೆಯ ಕುತ್ತಿಗೆ. ನಾನು ಮನೆಗೆ ಬಂದು ಹೇಳಿಕೊಂಡರೆ ನಮ್ಮವರು ಮಾರ್ತಾಂಡರು, “ಮಂದಿ ಮನಿ ಉಸಾಬರಿ ನಿನಗ್ಯಾಕ?” ಎಂದು ಟಿವಿಯ ಕಡೆ ತಿರುಗಿದರು.

ಇನ್ನು ಹರಿಶ್ಚಂದ್ರಣ್ಣ. ಅವರಿಗೆ ಸಕ್ಕರೆ ಕಾಯಿಲೆ. ಉಪವಾಸ ಕೂತರೆ ಕೈ ನಡುಗುತ್ತದೆ. ಅವರು, “ಗೋದಕ್ಕ, ಕತ್ತರಿ ಕೊಡಿ” ಎನ್ನುತ್ತ ನನ್ನ ಅಂಗಡಿಗೆ ಬಂದು, ಅಳತೆ ನೋಡುವ ಪರದೆಯ ಹಿಂದೆ ನಿಂತು ಬಿಸ್ಕೀಟು ತಿನ್ನುತ್ತಿದ್ದರು. ಅವರಿಗೆಂದೇ ನಾನು ಒಂದು ಪುಡಿಕೆ ಇಟ್ಟಿರುತ್ತಿದ್ದೆ. ಮೀಸೆಗೆ ಅಂಟಿದ ಪುಡಿ ಒರೆಸಿಕೊಳ್ಳುವುದನ್ನು ನೋಡಿ ಒಮ್ಮೊಮ್ಮೆ ನಗುವೂ ಬರುತ್ತಿತ್ತು.

“ಅಣ್ಣಾ, ಮ್ಯಾಲಿರೋ ಹುಡುಗಿಗೂ ನಾಕು ಒಯ್ರಿ” ಎಂದೆ ಒಂದು ದಿನ.

“ರಾಜೀವಿಗೆ ಗೊತ್ತಾದರೆ ರಗಳೆ ಗೋದಕ್ಕ. ಹೆಂಗಸರ ವಿಷಯ, ನಾವು ಬಾಯಿ ಹಾಕಬಾರದು.”

ಹೀಗೆ ಗಂಡಸಿಗೆ ಪದ್ಧತಿಯಲ್ಲೂ ಒಂದು ಹಿತ್ತಲ ಬಾಗಿಲು ಇತ್ತು. ಹುಡುಗಿಗೆ ಇರಲಿಲ್ಲ. ಆ ಹೊತ್ತಿಗೆ ಅವಳು ಬಸುರಿ.

ಬಸುರಿಯಾದ ಮೇಲಾದರೂ ನಿಯಮ ಸಡಿಲಾದೀತು ಎಂದುಕೊಂಡೆ. ಇನ್ನೂ ಬಿಗಿಯಾಯಿತು, ಹೊಟ್ಟೆಯಲ್ಲಿರುವುದರ ಗುಣವೂ ಸೇರಿತಲ್ಲ. ಅಟ್ಟದಲ್ಲಿ ಕೊಡ ತುಂಬ ನೀರಿತ್ತು, ಆದರೆ ಅವಳು ಕುಡಿಯುತ್ತಿರಲಿಲ್ಲ. ಕುಡಿದರೆ ಕೆಳಗೆ ಇಳಿಯಬೇಕಾಗುತ್ತದೆ. ಹಿಂದಿನ ಸಂಜೆಯಿಂದಲೇ ನೀರು ಬಿಟ್ಟುಬಿಡುತ್ತಿದ್ದಳಂತೆ. ಗಂಡನಿಗೆ ಫೋನಿನಲ್ಲಿ ಎಲ್ಲ ಸರಿಯಿದೆ ಎನ್ನುತ್ತಿದ್ದಳು. ಇದೆಲ್ಲ ನನಗೆ ತಿಳಿದದ್ದು ತಡವಾಗಿ.

ಈ ವರ್ಷದ ಆಷಾಢದ ಒಂದು ದಿನ ಮಳೆ ಜಡಿಯಿತು. ತಗಡಿನ ಈಚೆ ಕೆಸರು ನೀರು ಮೊಣಕಾಲಿನವರೆಗೆ ನಿಂತಿತು. ನಾಯಿ ಕೂಡ ಈ ಕಡೆ ಹಾಯಲಿಲ್ಲ. ಮಧ್ಯಾಹ್ನ ದಾಟಿತು. ರಾಜೀವಕ್ಕ ಊದಿನಕಡ್ಡಿಯ ಮೇಲೆ ಊದಿನಕಡ್ಡಿ ಹಚ್ಚುತ್ತ ಗಲ್ಲಾದ ಹಿಂದೆ ಕೂತಿದ್ದರು. ನಾನು ಕೊಡೆ ಹಿಡಿದು ಹೋಗಿ ಹುಡುಗಿ ಇಳಿದಳೇ ಎಂದು ಕೇಳಿದೆ.

“ಇನ್ನೂ ಯಾರೂ ಬರಲಿಲ್ಲವಲ್ಲ” ಎಂದರು ಅವರು, ನನ್ನನ್ನು ನೋಡದೆ.

ಆಗ ಮೇಲೆ ಏನೋ ಬಿದ್ದ ಸದ್ದಾಯಿತು. ನಾನು ಚಪ್ಪಲಿಯಲ್ಲೇ ಮೆಟ್ಟಿಲು ಹತ್ತಿದೆ. ಭವ್ಯಶ್ರೀ ಗೋಡೆಗೆ ಒರಗಿ ಕೂತಿದ್ದಳು, ಕೊಡ ಉರುಳಿ ನೀರು ಅವಳ ಸುತ್ತ ಹರಿದಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. “ಗೋದಕ್ಕ, ಬೋಣಿ ಆಯಿತಾ?” ಎಂದು ಕೇಳಿದಳು. ಆ ಪ್ರಶ್ನೆಯನ್ನು ನಾನು ಸಾಯುವವರೆಗೆ ಮರೆಯಲಾರೆ.

ಅಂಬಾದಾಸ ವಹಿಗಳ ಗಂಟು ಸಾಗಿಸುವ ತನ್ನ ಮೂರು ಗಾಲಿಯ ಟೆಂಪೋದಲ್ಲಿ ನಮ್ಮನ್ನು ಆಸ್ಪತ್ರೆಗೆ ಒಯ್ದ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಸೋಂಕು ಮೂತ್ರಪಿಂಡಕ್ಕೆ ಏರಿದೆ, ನೀರು ಕುಡಿಯದೆ, ತಡೆದುಕೊಂಡು ಕೂತರೆ ಹೀಗಾಗುತ್ತದೆ, ಬಸುರಿಯನ್ನು ಯಾರಾದರೂ ಹೀಗೆ ಬಿಡುತ್ತಾರೆಯೇ ಎಂದರು. ರಾಜೀವಕ್ಕ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು. ಹುಡುಗಿ ಉಳಿದಳು. ಮಗು ಉಳಿಯಲಿಲ್ಲ.

ಚೇತನ ಇಂದಾಪುರದಿಂದ ಬಂದ. ಹೆಂಡತಿಯ ಬಾಯಿಂದ ಎಲ್ಲ ಕೇಳಿದ ಮೇಲೆ ತಾಯಿಯ ಜತೆ ಮಾತು ಬಿಟ್ಟ, ನೆಂಟರ ಕೆಲಸವನ್ನೂ ಬಿಟ್ಟ. ಹೋಟೆಲಿನ ಶಟರ್ ಅರ್ಧಕ್ಕೆ ಇಳಿಯಿತು. ಇಷ್ಟಾದರೂ ರಾಜೀವಕ್ಕ ನನ್ನ ಹತ್ತಿರ, “ನೋಡಿದಿರಾ ಗೋದಕ್ಕ, ಮಗುವನ್ನೂ ತಿಂದಿತು ಆ ಕಾಲ್ಗುಣ” ಎಂದು ಅತ್ತರು. ಅವರ ಅಳು ನಿಜವಾದದ್ದು. ಅದಕ್ಕೇ ನನಗೆ ಹೆದರಿಕೆಯಾಯಿತು. ಎದುರಿಗೆ ಯಾರೇ ಸತ್ತು ಬಿದ್ದರೂ ಪದ್ಧತಿ ತನ್ನ ತಪ್ಪೆಂದು ಒಪ್ಪುವುದಿಲ್ಲ, ಸತ್ತವರನ್ನೇ ಸಾಕ್ಷಿಗೆ ಕರೆಯುತ್ತದೆ.

ಕಾರ್ಕಳದಿಂದ ಹುಡುಗಿಯ ತಾಯಿ ಫೋನು ಮಾಡಿ ಬಂದುಬಿಡು ಎಂದರಂತೆ. ನಾನೂ ಅದನ್ನೇ ಹೇಳಿದೆ. ಭವ್ಯಶ್ರೀ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಚೂರು ಬಟ್ಟೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು.

“ಹೋದರೆ ಅವರು ಹೇಳಿದ್ದು ನಿಜ ಅಂತ ಆಗ್ತದೆ ಗೋದಕ್ಕ. ಈ ರಸ್ತೆ ಒಂದಲ್ಲ ಒಂದು ದಿನ ಸರಿಯಾಗ್ತದೆ. ಆಗ ಎಲ್ಲರೂ ಎಂತ ಹೇಳ್ತಾರೆ? ಅವಳು ಹೋದದ್ದೇ ಹೋದದ್ದು, ವ್ಯಾಪಾರ ಬಂತು ಅಂತ. ಮತ್ತೆ ಇನ್ನೊಂದು ಹುಡುಗಿಯ ಕಾಲು ನೋಡ್ತಾರೆ.” ಒಂದು ಚೂರನ್ನು ಬದಿಗಿಟ್ಟು, “ಜನ ನಮ್ಮ ಹತ್ತಿರ ಬರ್ಲಿಕ್ಕೆ ಆಗದಿದ್ದರೆ ನಾವೇ ಅವರ ಹತ್ತಿರ ಹೋಗಬಹುದಲ್ಲ?” ಎಂದಳು.

ಹುಡುಗಿ ಹೇಳಿದ್ದು ಬಹಳ ಸರಳ. ಹೋಟೆಲಿನಲ್ಲಿ ಗ್ರೈಂಡರು, ಇಡ್ಲಿ ಪಾತ್ರೆಗಳು ಸುಮ್ಮನೆ ಬಿದ್ದಿವೆ. ಅಂಬಾದಾಸನ ಟೆಂಪೋ ಸುಮ್ಮನೆ ನಿಂತಿದೆ. ವರದಾ ಕೆಲಸ ಮಾಡುವುದು ಐಟಿ ಆಫೀಸುಗಳೇ ತುಂಬಿದ ಮಗರಪಟ್ಟಾದಲ್ಲಿ. ಅಲ್ಲಿ ಬೆಳಿಗ್ಗೆ ಉಪಾಹಾರಕ್ಕೆ ಅಲೆಯುವವರಿಗೆ ಲೆಕ್ಕವಿಲ್ಲ. ನನ್ನ ಹತ್ತಿರ ಚೂರು ಬಟ್ಟೆಯ ರಾಶಿಯಿದೆ, ಡಬ್ಬಿಗಳಿಗೆ ಚೀಲ ಹೊಲಿಯಬಹುದು. ಹೊಸದಾಗಿ ಯಾರ ಮುಂದೆಯೂ ಕೈ ಒಡ್ಡುವುದು ಬೇಡ, ಸಾಲಿನಲ್ಲಿ ಯಾರ ಹತ್ತಿರ ಏನಿದೆಯೋ ಅದನ್ನು ಕೂಡಿಸೋಣ. ಹಿಂದಿನ ಸಂಜೆಯೇ ಫೋನಿನಲ್ಲಿ ಕೇಳಿಕೊಂಡು ಅಷ್ಟೇ ಮಾಡೋಣ, ಬಿಸಾಡುವುದು ಬೇಡ. ಬಂದದ್ದನ್ನು ಕೆಲಸ ಮಾಡಿದವರು ಹಂಚಿಕೊಳ್ಳೋಣ.

ಒಂದು ಸಂಜೆ ಎಲ್ಲರೂ ಹೋಟೆಲಿನ ಖಾಲಿ ಬೆಂಚುಗಳ ಮೇಲೆ ಕೂತೆವು. ಅಂಬಾದಾಸ ಕೂಡಲೇ ಒಪ್ಪಿದ. ರಾಜೀವಕ್ಕ ಒಪ್ಪಲಿಲ್ಲ.

“ಇಷ್ಟು ವರ್ಷ ಜನ ನಮ್ಮ ಬಾಗಿಲಿಗೆ ಬಂದು ತಿಂದಿದ್ದಾರೆ. ಈಗ ನಾವು ಡಬ್ಬಿ ಹೊತ್ತುಕೊಂಡು ಅವರ ಬಾಗಿಲಿಗೆ ಹೋಗುವುದಾ?”

“ನಮ್ಮ ಬಾಗಿಲಿಗೆ ತಗಡು ಬಡಿದಿದ್ದಾರಲ್ಲಮ್ಮ” ಎಂದ ಚೇತನ. ಆಸ್ಪತ್ರೆಯ ದಿನದ ನಂತರ ಅವನು ತಾಯಿಗೆ ಹೇಳಿದ ಮೊದಲ ಮಾತು ಅದು. ರಾಜೀವಕ್ಕ ಅಷ್ಟಕ್ಕೇ ಕರಗಿದರು, ಮಗ ಮಾತಾಡಿದನಲ್ಲ. “ಏನಾದರೂ ಮಾಡಿ” ಎಂದು ಎದ್ದುಹೋದರು. ಮರುದಿನ ಹರಿಶ್ಚಂದ್ರಣ್ಣ ಗ್ರೈಂಡರಿನ ಬೆಲ್ಟು ಬಿಚ್ಚಿ ಸರಿಮಾಡುತ್ತ ಕೂತಿದ್ದನ್ನು ಕಂಡೆ.

ಮೊದಲ ದಿನದ ಆರ್ಡರುಗಳು ಹಿಂದಿನ ಸಂಜೆ ಭವ್ಯಶ್ರೀಯ ಫೋನಿಗೆ ಬಂದವು. ಹೆಚ್ಚೇನಲ್ಲ, ವರದಾಳ ಆಫೀಸಿನವರು ಮತ್ತು ಅವರ ಗುರುತಿನವರದು. ಬೆಳಕು ಹರಿಯುವ ಮೊದಲೇ ನಾನು ಚೀಲಗಳ ಗಂಟು ಹೊತ್ತು ಹೋದೆ. ಎಷ್ಟೋ ತಿಂಗಳ ಮೇಲೆ ಆ ಅಡುಗೆಕೋಣೆಯಲ್ಲಿ ಅಷ್ಟೊಂದು ಹಬೆ ಎದ್ದಿತ್ತು. ಹರಿಶ್ಚಂದ್ರಣ್ಣ ಚಟ್ನಿಗೆ ಒಗ್ಗರಣೆ ಕೊಡುತ್ತಿದ್ದರು. ಚೇತನ ಡಬ್ಬಿ ಜೋಡಿಸುತ್ತಿದ್ದ. ಅಂಬಾದಾಸನ ಟೆಂಪೋ ಹಿಂದಿನ ಓಣಿಯಲ್ಲಿ ನಿಂತಿತ್ತು. ಭವ್ಯಶ್ರೀ ಇಡ್ಲಿ ಪಾತ್ರೆಯ ಮುಂದೆ, ತಲೆಗೆ ಬಟ್ಟೆ ಕಟ್ಟಿಕೊಂಡು. ಎಲ್ಲರ ಮುಖದಲ್ಲೂ ನಿದ್ದೆಗಿಂತ ಹಳೆಯದಾದ ಒಂದು ಸುಸ್ತು ಇತ್ತು, ಆದರೂ ಕೈಗಳು ಓಡುತ್ತಿದ್ದವು.

ಡಬ್ಬಿಗಳು ತುಂಬಿದವು. ರಾಜೀವಕ್ಕ ಗಲ್ಲಾಪೆಟ್ಟಿಗೆಯ ಮೇಲಿನ ಪಟಕ್ಕೆ ಊದಿನಕಡ್ಡಿ ಹಚ್ಚಿ, ಚೊಂಬಿಗೆ ನೀರು ತುಂಬಿಸಿ ಇಟ್ಟು, ಒಳಗೆ ತಿರುಗಿ ಹೇಳಿದರು.

“ಭವ್ಯಾ, ನಿನ್ನ ಕೆಲಸ ಆಯಿತಲ್ಲ. ಇನ್ನು ಮೇಲೆ ಹೋಗು. ಮೊದಲ ಡಬ್ಬಿ ಮುಟ್ಟಿ ದುಡ್ಡು ಬಂತು ಅಂತ ಅಂಬಾದಾಸ ಫೋನ್ ಮಾಡಲಿ, ಆಮೇಲೆ ಇಳಿ.”

ನನ್ನ ಬಾಯಿ ಆಗಲೇ ತೆರೆದಿತ್ತು. ಭವ್ಯಶ್ರೀ ಬೇಡವೆಂದು ನನ್ನತ್ತ ಕೈ ಮಾಡಿದಳು. ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಹೊರಗೆ ಬಂದು ಗಲ್ಲಾಪೆಟ್ಟಿಗೆಯ ಎದುರಿಗೇ ನಿಂತಳು.

“ನಾನು ಹತ್ತುವುದಿಲ್ಲ ಅತ್ತೆ.”

“ಇವತ್ತು ಒಂದು ದಿನ. ಹೊಸತಾಗಿ ಶುರು ಮಾಡುವಾಗ ಅಪಶಕುನ ಬೇಡ. ಇಷ್ಟು ಜನರ ಅನ್ನದ ಪ್ರಶ್ನೆ.”

“ಅನ್ನದ ಪ್ರಶ್ನೆ ಅಂತಲೇ ಅಷ್ಟು ದಿನ ಮೇಲೆ ಕೂತದ್ದು. ಅನ್ನ ಬಂತಾ?”

“ಎದುರು ಮಾತಾಡಬೇಡ. ನಿನಗೆ ಬೋಣಿ ಆಗುವುದು ಬೇಡ್ವಾ?”

“ಬೇಕು” ಎಂದಳು ಹುಡುಗಿ. ದನಿ ಏರಲಿಲ್ಲ. “ಆದರೆ ಬೋಣಿ ಆಗಲಿ ಬಿಡಲಿ ಅತ್ತೆ, ನನಗೆ ಬಾಯಾರಿಕೆ ಆಗ್ತದೆ.”

ಹಾಗೆಂದವಳು ಮೊದಲ ಗಿರಾಕಿಯ ಆ ಚೊಂಬನ್ನು ಎತ್ತಿದಳು. ದೇವರ ಪಟದ ಮುಂದೆ, ಅತ್ತೆ ಮಾವ ಗಂಡ ಎಲ್ಲರ ಮುಂದೆ, ನಿಂತಲ್ಲಿಯೇ ಪೂರ್ತಿ ಕುಡಿದಳು. ಗಂಟಲಿನ ಸದ್ದು ನಮಗೆಲ್ಲ ಕೇಳಿಸಿತು. ಚೊಂಬನ್ನು ಇದ್ದ ಜಾಗದಲ್ಲೇ ಇಟ್ಟು, ನೆಟ್ಟಗೆ ಹಿಂದಿನ ಬಚ್ಚಲಿಗೆ ನಡೆದಳು. ಚಿಲಕ ಹಾಕಿಕೊಂಡ ಶಬ್ದವಾಯಿತು. ನನ್ನ ಕಣ್ಣು ತುಂಬಿ ಬಂತು. ಬಚ್ಚಲಿಗೆ ಹೋಗುವುದಕ್ಕೂ ಒಬ್ಬಳು ಇಷ್ಟು ಧೈರ್ಯ ಕೂಡಿಸಿಕೊಳ್ಳಬೇಕೇ ಎಂದು.

ರಾಜೀವಕ್ಕ ಖಾಲಿ ಚೊಂಬನ್ನು ನೋಡುತ್ತ ನಿಂತಿದ್ದರು. ಆಗ ಒಲೆಯ ಮುಂದಿನಿಂದ ಹರಿಶ್ಚಂದ್ರಣ್ಣನ ದನಿ ಬಂತು. ಈ ವಿಷಯದಲ್ಲಿ ಅವರು ಹೆಂಡತಿಯ ಮುಂದೆ ಬಾಯಿ ತೆರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ರಾಜೀವಿ, ಚೊಂಬು ಖಾಲಿಯಾಯಿತು. ತುಂಬಿಸಿ ಇಡು.”

“ಗಿರಾಕಿ ಯಾರೂ ಬರುವುದಿಲ್ಲವಲ್ಲ ಇವತ್ತು. ಯಾರಿಗೆ?”

“ಯಾರಿಗೆ ಬಾಯಾರಿಕೆಯಾಗ್ತದೋ ಅವರಿಗೆ.” ಒಲೆಯ ಉರಿ ತಗ್ಗಿಸಿ, “ನನಗೂ ಒಂದು ಇಡ್ಲಿ ಹಾಕು. ಇನ್ನು ಗೋದಕ್ಕನ ಪರದೆಯ ಹಿಂದೆ ನಿಂತು ತಿನ್ನುವುದು ನನ್ನಿಂದಾಗುವುದಿಲ್ಲ” ಎಂದರು.

ರಾಜೀವಕ್ಕ ನನ್ನನ್ನೊಮ್ಮೆ ನೋಡಿದರು, ಗಂಡನನ್ನೊಮ್ಮೆ ನೋಡಿದರು. ತುಟಿ ಬಿಗಿದುಕೊಂಡೇ ಇತ್ತು. ಚೊಂಬನ್ನು ಎತ್ತಿಕೊಂಡು ನಲ್ಲಿಯ ಕಡೆ ಹೋದರು.

ಅವರು ಬದಲಾದರು ಎಂದು ನಾನು ಬರೆಯಲಾರೆ. ಸುಳ್ಳಾಗುತ್ತದೆ. ಈಗಲೂ ಊರಿನಿಂದ ಫೋನು ಬಂದರೆ ದನಿ ತಗ್ಗಿಸುತ್ತಾರೆ. ತಗಡೂ ಹಾಗೆಯೇ ಇದೆ. ನಮ್ಮ ಡಬ್ಬಿಗಳು ಮಗರಪಟ್ಟಾಕ್ಕೆ ಹೋಗುತ್ತವೆ, ಕೆಲವು ದಿನ ಹೆಚ್ಚು, ಕೆಲವು ದಿನ ಕಡಿಮೆ. ಸಾಲಿನ ಮನೆಗಳಲ್ಲಿ ಒಲೆ ಉರಿಯುವಷ್ಟು ಆಗುತ್ತದೆ. ಹೋದ ಮಗು ಬರುವುದಿಲ್ಲ. ಹುಡುಗಿ ಒಮ್ಮೊಮ್ಮೆ ಚೀಲದ ಬಟ್ಟೆ ಕತ್ತರಿಸುವಾಗ ತಿಳಿ ಬಣ್ಣದ ಚೂರುಗಳನ್ನು ಬದಿಗೆ ಎತ್ತಿಡುತ್ತಾಳೆ, ಯಾಕೆಂದು ನಾನು ಕೇಳುವುದಿಲ್ಲ.

ನಿಮ್ಮ ಬೀದಿಯಲ್ಲೂ ವ್ಯಾಪಾರ ಬಿದ್ದ ಒಂದು ಅಂಗಡಿ ಇರುತ್ತದೆ, ಅದರ ಮೇಲೊಂದು ಅಟ್ಟ ಇರುತ್ತದೆ. ನಷ್ಟಕ್ಕೆ ಕಾರಣ ಎಲ್ಲಿದೆಯೋ ಅಲ್ಲಿಗೆ ಹೋಗಿ ಕೇಳುವುದು ಕಷ್ಟದ ಕೆಲಸ, ನನಗೆ ಗೊತ್ತು. ಅದು ಆಗದಿದ್ದರೆ, ಕಡೇಪಕ್ಷ ಮೆಟ್ಟಿಲು ಹತ್ತಿ ಮೇಲೆ ಯಾರಿದ್ದಾರೆಂದು ನೋಡಿ ಬನ್ನಿ. ನಾನು ಹತ್ತುವಾಗ ತಡವಾಗಿತ್ತು.

ಈಗಲೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಆ ತಾಮ್ರದ ಚೊಂಬು ಇರುತ್ತದೆ. ಬೆಳಿಗ್ಗೆ ಅದನ್ನು ತುಂಬಿಸುವವರು ರಾಜೀವಕ್ಕನೇ. ಭವ್ಯಶ್ರೀ ಮೆಟ್ಟಿಲು ಇಳಿದು ಬಂದು ಮೊದಲು ಅದನ್ನೇ ಎತ್ತಿ ಕುಡಿಯುತ್ತಾಳೆ. ಅತ್ತೆ ಆ ಕಡೆ ನೋಡುವುದಿಲ್ಲ. ಆದರೆ ಮರುದಿನವೂ ತುಂಬಿಸುತ್ತಾರೆ.